ಜಾಹೀರಾತಿನ ದುಡ್ಡು ಯಾವ ವಿಡಿಯೊಗೆ ಹೋಯಿತು? ಲೆಕ್ಕ ಕೊಡಿಸಿ

ಗೆ,
ಶ್ರೀ ಅಶ್ವಿನಿ ವೈಷ್ಣವ್ ಅವರು,
ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಹಾಗೂ ವಾರ್ತಾ ಮತ್ತು ಪ್ರಸಾರ ಸಚಿವರು,
ನವದೆಹಲಿ

ವಿಷಯ: ಸೋಷಿಯಲ್ ಮೀಡಿಯಾ ಕಂಪನಿಗಳು ಜಾಹೀರಾತಿನ ಹಣ ಹಂಚುವ ರೀತಿಗೆ ಹೊಣೆಗಾರಿಕೆಯ ನಿಯಮ ತರುವ ಬಗ್ಗೆ

ಮಾನ್ಯ ಸಚಿವರೇ,

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಜಾಹೀರಾತು ಏಜೆನ್ಸಿ. ಜವಳಿ ಅಂಗಡಿ, ನರ್ಸಿಂಗ್ ಹೋಂ, ಪಿಯು ಕಾಲೇಜು, ಚಿನ್ನದ ಅಂಗಡಿ, ಹೊಸ ಲೇಔಟ್ ಮಾಡಿದವರು, ಇಂಥವರೇ ನಮ್ಮ ಗಿರಾಕಿಗಳು. ಹಿಂದೆ ಅವರ ದುಡ್ಡು ಪತ್ರಿಕೆಗೆ, ಕೇಬಲ್ ಟಿವಿಗೆ, ಟಾಕೀಸಿನ ಸ್ಲೈಡಿಗೆ ಹೋಗುತ್ತಿತ್ತು. ಈಗ ಜಾಸ್ತಿ ಪಾಲು ಮೊಬೈಲ್ ಪರದೆಗೇ ಹೋಗುತ್ತದೆ. ಆ ದುಡ್ಡು ನನ್ನ ಕೈ ದಾಟಿ ಹೋಗುವುದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅನುವಾದ ಮಾಡಿಸಿಕೊಳ್ಳುವ ಅನುಕೂಲ ನನಗಿಂತ ನಿಮ್ಮ ಇಲಾಖೆಗೆ ಚೆನ್ನಾಗಿದೆ. ಅಲ್ಲದೆ ಜಾಹೀರಾತು ಕೊಡುವ ಅಂಗಡಿಯವರು, ಚಾನೆಲ್ ನಡೆಸುವ ಹುಡುಗರು, ಸುಮ್ನೆ ಕೂತು ನೋಡುವವರು ಇವರೂ ಓದಲಿ ಅಂತ ಇದನ್ನು ಬಹಿರಂಗವಾಗಿ ಹಾಕುತ್ತಿದ್ದೇನೆ.

ಮೊದಲು ಪತ್ರಿಕೆಯ ಜಾಹೀರಾತಿನಲ್ಲಿರುವ ಒಂದು ಪದ್ಧತಿ ಹೇಳಬೇಕು. ನಾವು ಪತ್ರಿಕೆಗೆ ರಿಲೀಸ್ ಆರ್ಡರ್ ಕಳಿಸುತ್ತೇವೆ. ಯಾವ ದಿನ, ಯಾವ ಆವೃತ್ತಿ, ಎಷ್ಟನೇ ಪುಟ, ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್, ಎಲ್ಲ ಅದರಲ್ಲಿರುತ್ತದೆ. ಅಚ್ಚಾದ ಮೇಲೆ ಬಿಲ್ಲಿನ ಜೊತೆ ಆ ದಿನದ ಪತ್ರಿಕೆಯ ಒಂದು ಪ್ರತಿ ಬರುತ್ತದೆ. ಅದಕ್ಕೆ ವೋಚರ್ ಕಾಪಿ ಅನ್ನುತ್ತೇವೆ. ಅದು ಕೈಗೆ ಬರದೆ ಗಿರಾಕಿ ದುಡ್ಡು ಬಿಚ್ಚುವುದಿಲ್ಲ. ಸರ್ಕಾರವೂ ಅಷ್ಟೇ, ಪತ್ರಿಕೆಯ ಪ್ರತಿ ಲಗತ್ತಿಸದಿದ್ದರೆ ಸರ್ಕಾರಿ ಜಾಹೀರಾತಿನ ಬಿಲ್ಲು ಮುಂದಿನ ಮೇಜಿಗೆ ಹೋಗುವುದಿಲ್ಲ.

ವೋಚರ್ ಕಾಪಿ ಬಂದ ತಕ್ಷಣ ಗಿರಾಕಿ ಮೊದಲು ತನ್ನ ಜಾಹೀರಾತು ನೋಡುತ್ತಾನೆ. ಆಮೇಲೆ ಅದರ ಪಕ್ಕ ಏನಿದೆ ಅಂತ ನೋಡುತ್ತಾನೆ. ಮದುವೆ ಸೀರೆಯ ಜಾಹೀರಾತಿನ ಪಕ್ಕ ವರದಕ್ಷಿಣೆ ಸಾವಿನ ಸುದ್ದಿ ಇದ್ದರೆ ಫೋನ್ ಬಂತು ಅಂತಲೇ ಲೆಕ್ಕ. ಬೈಸಿಕೊಳ್ಳುವುದು ನಾವು. ಪತ್ರಿಕೆಯವರು ತಪ್ಪಾಯಿತು ಅಂತ ಇನ್ನೊಂದು ದಿನ ಒಳ್ಳೆ ಜಾಗದಲ್ಲಿ ಪುಕ್ಕಟೆ ಹಾಕಿಕೊಟ್ಟದ್ದೂ ಉಂಟು.

ಸೋಷಿಯಲ್ ಮೀಡಿಯಾದಲ್ಲಿ ಈ ವೋಚರ್ ಕಾಪಿ ಇಲ್ಲ. ಡ್ಯಾಶ್‌ಬೋರ್ಡ್ ಇದೆ. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಯಾವ ವಯಸ್ಸು, ಯಾವ ಊರು, ಎಲ್ಲ ಬಣ್ಣಬಣ್ಣದ ಗೆರೆಗಳಲ್ಲಿ ಕಾಣುತ್ತದೆ. ಕೆಲವು ಬಗೆಯ ಜಾಹೀರಾತಿಗೆ ಯಾವ ಯಾವ ಚಾನೆಲ್‌ನಲ್ಲಿ ಬಂತು ಎಂಬ ಪಟ್ಟಿಯೂ ಸಿಗುತ್ತದೆ. ಆದರೆ ಅದು ಅರೆಬರೆ. ನನ್ನ ಗಿರಾಕಿಯ ನೂರು ರೂಪಾಯಿಯಲ್ಲಿ ಕಂಪನಿ ಎಷ್ಟು ಇಟ್ಟುಕೊಂಡಿತು, ಯಾವ ವಿಡಿಯೊದವರಿಗೆ ಎಷ್ಟು ಕೊಟ್ಟಿತು, ಆಮೇಲೆ ಆ ವಿಡಿಯೊ ಏನಾಯಿತು, ಇದು ಅದರಲ್ಲಿ ಸಿಗುವುದಿಲ್ಲ.

ಒಂದು ಉದಾಹರಣೆ. ಪ್ಲಾಟ್‌ಫಾರ್ಮಿನ ಹೆಸರು ಬೇಡ. ನಮ್ಮ ಗಿರಾಕಿಯಾದ ಒಬ್ಬ ಸಕ್ಕರೆ ಕಾಯಿಲೆ ಡಾಕ್ಟರ್ ಒಂದು ಸಂಜೆ ಫೋನ್ ಮಾಡಿದರು. ಅವರ ನರ್ಸಿಂಗ್ ಹೋಂ ಜಾಹೀರಾತು ಬಂದಿದ್ದು ಒಂದು ವಿಡಿಯೊದ ಮುಂದೆ. ಯಾವುದೋ ಎಲೆಯ ರಸ ಕುಡಿದರೆ ಇನ್ಸುಲಿನ್ ಬಿಟ್ಟುಬಿಡಬಹುದು ಅನ್ನುವ ವಿಡಿಯೊ ಅದು. 'ಏನ್ರೀ ಇದು, ನಮ್ಮ ದುಡ್ಡಲ್ಲೇ ನಮ್ಮ ಪೇಷಂಟ್‌ಗಳನ್ನ ಓಡಿಸ್ತಿದೀರಲ್ಲ' ಅಂದರು. ನಾನು ಆ ವಿಡಿಯೊ ರಿಪೋರ್ಟ್ ಮಾಡಿದೆ. ಒಂದಷ್ಟು ದಿನದ ಮೇಲೆ ಅದು ಕಾಣೆಯಾಯಿತು. ಅಷ್ಟರಲ್ಲಿ ಎಷ್ಟು ಜನ ನೋಡಿದ್ದರು, ಆ ಚಾನೆಲ್‌ಗೆ ಎಷ್ಟು ಹೋಯಿತು, ಡಾಕ್ಟರ ದುಡ್ಡು ವಾಪಸ್ ಬರುತ್ತದಾ, ಯಾವುದಕ್ಕೂ ಉತ್ತರ ಸಿಗಲಿಲ್ಲ. ಡಾಕ್ಟರು ಈಗಲೂ ಅಲ್ಲೇ ಜಾಹೀರಾತು ಕೊಡುತ್ತಾರೆ. ಇನ್ನೆಲ್ಲಿ ಕೊಡಲಿ ಹೇಳಿ ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ದುಡ್ಡು ಹಂಚಿಕೆ ಹೇಗೆ ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಯೂಟ್ಯೂಬ್‌ನಲ್ಲಿ 1,000 ಸಬ್‌ಸ್ಕ್ರೈಬರ್‌ಗಳು ಮತ್ತು ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ಅನ್ನುವ ಪುಟ್ಟ ವಿಡಿಯೊಗಳಿಗೆ ಒಂದು ಕೋಟಿ ವ್ಯೂಸ್ ಆದರೆ ಜಾಹೀರಾತಿನ ಪಾಲು ಸಿಗುತ್ತದೆ. 'ಮಾನಿಟೈಸೇಷನ್ ಆನ್ ಆಯ್ತು' ಅಂತ ಹುಡುಗರು ಸಿಹಿ ಹಂಚುವುದು ಆಗಲೇ. ಉದ್ದದ ವಿಡಿಯೊದಲ್ಲಿ ಶೇ 55 ಚಾನೆಲ್‌ಗೆ, ಶೇ 45 ಕಂಪನಿಗೆ. ಶಾರ್ಟ್ಸ್‌ನಲ್ಲಿ ಜಾಹೀರಾತಿನ ದುಡ್ಡನ್ನೆಲ್ಲ ಒಂದು ಕಡೆ ಕೂಡಿಸಿ, ವ್ಯೂಸ್ ಪ್ರಕಾರ ಹಂಚಿ, ಅದರಲ್ಲಿ ಶೇ 45ರಷ್ಟನ್ನು ಚಾನೆಲ್‌ಗೆ ಕೊಡುತ್ತಾರೆ. 1,000 ಸಬ್‌ಸ್ಕ್ರೈಬರ್ ಆಗದ ಚಾನೆಲ್‌ಗಳ ವಿಡಿಯೊದಲ್ಲೂ 2021ರಿಂದ ಭಾರತದಲ್ಲಿ ಜಾಹೀರಾತು ಬರುತ್ತದೆ. ಅಲ್ಲಿ ಚಾನೆಲ್‌ನವರಿಗೆ ಏನೂ ಇಲ್ಲ, ಪೂರ್ತಿ ಕಂಪನಿಗೆ.

ಎಕ್ಸ್‌ನದು (ಹಿಂದಿನ ಟ್ವಿಟರ್) ಬೇರೆ ದಾರಿ. 2023ರಲ್ಲಿ ಅವರು ಜಾಹೀರಾತಿನ ಪಾಲು ಕೊಡಲು ಶುರು ಮಾಡಿದರು. 2024ರ ಕೊನೆಯಲ್ಲಿ ಲೆಕ್ಕ ಬದಲಾಗಿ, ಪ್ರೀಮಿಯಂ ಚಂದಾದಾರರು ನಿಮ್ಮ ಪೋಸ್ಟಿನ ಜೊತೆ ಎಷ್ಟು ಒಡನಾಡುತ್ತಾರೆ ಎಂಬುದರ ಮೇಲೆ ದುಡ್ಡು ಅಂತಾಯಿತು. ಅಂದರೆ ಜನರನ್ನು ಕೆರಳಿಸಿ ಉತ್ತರ ಬರೆಸಿದಷ್ಟೂ ಸಂಪಾದನೆ. ಭಾಷೆ ಭಾಷೆಗೆ ಜಗಳ ಹಚ್ಚುವ ಪೋಸ್ಟ್‌ಗಳು ಬೆಂಗಳೂರಿನ ಹೆಸರಲ್ಲಿ ದಿನಾ ಬೆಳಿಗ್ಗೆ ಯಾಕೆ ಹುಟ್ಟುತ್ತವೆ ಅಂತ ಆಶ್ಚರ್ಯಪಡುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು. ಎಲ್ಲವೂ ದುಡ್ಡಿಗೇ ಅಂತ ನಾನು ಹೇಳುವುದಿಲ್ಲ. ದುಡ್ಡು ಬರುತ್ತದೆ ಅನ್ನುವುದಂತೂ ಸುಳ್ಳಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಐಟಿ ಕಾಯ್ದೆಯ 79ನೇ ಸೆಕ್ಷನ್ ಈ ಕಂಪನಿಗಳಿಗೆ ರಕ್ಷಣೆ ಕೊಟ್ಟಿದೆ. ಬರೆದವರು ಬೇರೆಯವರು, ನಾವು ದಾಟಿಸುವವರು ಮಾತ್ರ ಅಂತ ಅವರು ಹೇಳುತ್ತಾರೆ. ಯಾರೋ ಹಾಕಿದ ಪೋಸ್ಟಿಗೆ ಅದು ನ್ಯಾಯವೇ. ಕೋಟಿಗಟ್ಟಲೆ ಪೋಸ್ಟ್‌ಗಳನ್ನು ಓದಿ ನೋಡಿ ಬಿಡಿ ಅನ್ನಲು ಆಗುವುದಿಲ್ಲ, ಹಾಗೆ ಅನ್ನಲೂ ಬಾರದು. ಆದರೆ ದುಡ್ಡು ಕೊಟ್ಟ ವಿಡಿಯೊ ಬೇರೆ. ಅಲ್ಲಿ ಚಾನೆಲ್ ಅರ್ಜಿ ಹಾಕಿದೆ. ಕಂಪನಿ ಆ ಅರ್ಜಿಯನ್ನು ಪರಿಶೀಲಿಸಿ ಒಪ್ಪಿದೆ. ಬ್ಯಾಂಕ್ ಖಾತೆ ತೆಗೆದುಕೊಂಡಿದೆ, ತೆರಿಗೆ ಫಾರಂ ತುಂಬಿಸಿಕೊಂಡಿದೆ. ಗೂಗಲ್ ಈ ದುಡ್ಡು ಕೊಡುವ ಆಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತಾರೆ. ಹಳ್ಳಿಯ ಪೋಸ್ಟ್‌ಮ್ಯಾನ್ ಗೂಗಲ್‌ನ ಕಾಗದ ಹಿಡಿದು ಮನೆ ಹುಡುಕಿಕೊಂಡು ಬರುತ್ತಾರೆ. ಇಷ್ಟೆಲ್ಲ ಆದ ಮೇಲೆ, ಪ್ರತಿ ತಿಂಗಳು ಅರ್ಧದಷ್ಟು ದುಡ್ಡು ತಾನು ಇಟ್ಟುಕೊಂಡು ಉಳಿದದ್ದನ್ನು ಹಂಚಿದ ಮೇಲೆ, ಬರೀ ದಾಟಿಸುವವರು ಅಂದರೆ ಹೇಗೆ?

2024ರ ನವೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಿಕಾ ದಿನದ ಭಾಷಣದಲ್ಲಿ ಈ ರಕ್ಷಣೆಯನ್ನು ಮತ್ತೆ ನೋಡಬೇಕು ಅಂತ ನೀವೇ ಹೇಳಿದ್ದಿರಿ. ಪೂರ್ತಿ ಕಿತ್ತುಹಾಕಿ ಅಂತ ನಾನು ಕೇಳುತ್ತಿಲ್ಲ. ಕಿತ್ತರೆ ಮೊದಲು ಅಳಿಸಿಹೋಗುವುದು ಸಣ್ಣಪುಟ್ಟವರ ಟೀಕೆ, ವ್ಯಂಗ್ಯ, ದೂರು. ಕಂಪನಿಗಳು ಹೆದರಿ ಎಲ್ಲ ಅಳಿಸುತ್ತವೆ. ದುಡ್ಡು ಹಂಚಿಕೆಯಾದ ಕಡೆ ಲೆಕ್ಕ ಕೊಡಲಿ, ಅಷ್ಟೇ ನನ್ನ ಬೇಡಿಕೆ.

ನಿಮ್ಮ ಇಲಾಖೆಯ 2021ರ ಐಟಿ ನಿಯಮಗಳನ್ನು ನಾನು ಕುಳಿತು ಓದಿದ್ದೇನೆ. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಕಂಪನಿ ಇಲ್ಲಿ ಅಧಿಕಾರಿಗಳನ್ನು ನೇಮಿಸಬೇಕು, ದೂರನ್ನು 24 ಗಂಟೆಯಲ್ಲಿ ದಾಖಲಿಸಬೇಕು, 7 ದಿನದಲ್ಲಿ (2026ರ ಫೆಬ್ರುವರಿಯ ತಿದ್ದುಪಡಿಗೆ ಮುಂಚೆ 15 ದಿನ ಇತ್ತು) ಮುಗಿಸಬೇಕು, ಪ್ರತಿ ತಿಂಗಳು ವರದಿ ಪ್ರಕಟಿಸಬೇಕು. ಒಳ್ಳೆಯದೇ. ವರದಿಯಲ್ಲಿ ಎಷ್ಟು ದೂರು ಬಂತು, ಏನು ಕ್ರಮ ಆಯಿತು, ತಾವಾಗಿಯೇ ಎಷ್ಟು ಲಿಂಕ್ ತೆಗೆದರು ಅನ್ನುವುದೆಲ್ಲ ಇರಬೇಕು. ದುಡ್ಡಿನ ಕಾಲಂ ಒಂದೂ ಇಲ್ಲ. ತೆಗೆದುಹಾಕಿದ ವಿಡಿಯೊಗಳಲ್ಲಿ ಎಷ್ಟಕ್ಕೆ ಜಾಹೀರಾತು ಬಂದಿತ್ತು? ಎಷ್ಟು ದುಡ್ಡು ಆಗಿತ್ತು? ಎಷ್ಟು ತಡೆಹಿಡಿದರು, ಎಷ್ಟು ಜಾಹೀರಾತುದಾರರಿಗೆ ವಾಪಸ್ ಕೊಟ್ಟರು, ಎಷ್ಟು ತಾವೇ ಇಟ್ಟುಕೊಂಡರು? ಈ ಐದು ಅಂಕಿ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿನ ಅಧಿವೇಶನ ಕಾಯಬೇಕಿಲ್ಲ. ಇರುವ ನಿಯಮಕ್ಕೆ ಒಂದು ತಿದ್ದುಪಡಿ ಸಾಕು.

ಅಂಕಿಗಳು ಭಾಷೆವಾರು ಬರಬೇಕು. ಇದನ್ನು ಒತ್ತಿ ಹೇಳುತ್ತೇನೆ. 2025ರ ಮೇನಲ್ಲಿ ಮುಂಬೈನಲ್ಲಿ ನಿಮ್ಮ ಸರ್ಕಾರವೇ ನಡೆಸಿದ ವೇವ್ಸ್ ಸಮ್ಮೇಳನದಲ್ಲಿ ಯೂಟ್ಯೂಬ್ ಮುಖ್ಯಸ್ಥ ನೀಲ್ ಮೋಹನ್, ಮೂರು ವರ್ಷದಲ್ಲಿ ಭಾರತದ ಕ್ರಿಯೇಟರ್‌ಗಳು, ಕಲಾವಿದರು ಮತ್ತು ಮಾಧ್ಯಮ ಸಂಸ್ಥೆಗಳಿಗೆ 21,000 ಕೋಟಿ ರೂಪಾಯಿ ಕೊಟ್ಟಿದ್ದೇವೆ ಅಂದರು. ದೊಡ್ಡ ಮೊತ್ತ, ಸಂತೋಷ. ಅದರಲ್ಲಿ ಕನ್ನಡಕ್ಕೆ ಎಷ್ಟು? ಕನ್ನಡದ ದೂರುಗಳನ್ನು ಓದಲು ಕನ್ನಡ ಬಲ್ಲ ಎಷ್ಟು ಜನ ಇದ್ದಾರೆ? ದುಡ್ಡು ಕೊಡುವ ಮೊತ್ತವನ್ನು ವೇದಿಕೆಯಲ್ಲಿ ಹೇಳುವ ಕಂಪನಿ, ತಪ್ಪು ಕಡೆ ಹೋದದ್ದನ್ನೂ ಅದೇ ದನಿಯಲ್ಲಿ ಹೇಳಬೇಕು ಅಲ್ವಾ?

ಈ ಹಂಚಿಕೆ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ದೇಶವೇ ಸಾಕ್ಷಿ. ಮ್ಯಾನ್ಮಾರ್‌ನಲ್ಲಿ 2015ರಲ್ಲಿ ಫೇಸ್‌ಬುಕ್‌ನಲ್ಲಿ ಅತಿ ಹೆಚ್ಚು ಓಡುತ್ತಿದ್ದ 10 ಪ್ರಕಾಶಕರಲ್ಲಿ 6 ನಿಜವಾದ ಸುದ್ದಿ ಸಂಸ್ಥೆಗಳಾಗಿದ್ದವು. ಆಮೇಲೆ ಫೇಸ್‌ಬುಕ್ ತನ್ನ 'ಇನ್‌ಸ್ಟಂಟ್ ಆರ್ಟಿಕಲ್ಸ್' ಯೋಜನೆಯನ್ನು ಎಲ್ಲರಿಗೂ ತೆರೆಯಿತು. ಯಾರು ಬೇಕಾದರೂ ಬರೆದು ಹಾಕಿ ಜಾಹೀರಾತಿನ ದುಡ್ಡು ಪಡೆಯಬಹುದಾಯಿತು. 2018ರ ಹೊತ್ತಿಗೆ ಆ ಹತ್ತರಲ್ಲಿ ನಿಜವಾದ ಸುದ್ದಿ ಸಂಸ್ಥೆ ಒಂದೂ ಉಳಿಯಲಿಲ್ಲ. ಎಂಐಟಿ ಟೆಕ್ನಾಲಜಿ ರಿವ್ಯೂ 2021ರಲ್ಲಿ ಇದನ್ನು ಬಿಡಿಸಿ ಬರೆದಿತ್ತು. ಅಲ್ಲಿನ ರೋಹಿಂಗ್ಯಾ ಮುಸ್ಲಿಮರ ಮೇಲಿನ ಹಿಂಸೆಗೆ ಬೇರೆ ನೂರು ಕಾರಣಗಳಿವೆ. ಸುಳ್ಳು ಬರೆಯುವುದು ಹೊಟ್ಟೆಪಾಡಿನ ಕೆಲಸವಾಗಿದ್ದು ಈ ದುಡ್ಡಿನಿಂದ. ಬರೆದವರಲ್ಲಿ ಹಲವರಿಗೆ ರಾಜಕೀಯವೂ ಬೇಕಿರಲಿಲ್ಲ, ಕ್ಲಿಕ್ ಬೇಕಿತ್ತು.

ನಮ್ಮ ರಾಜ್ಯಕ್ಕೆ ಬರುತ್ತೇನೆ. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣ ಕಾವೇರಿದಾಗ ಬೆಂಗಳೂರಿನ ಸಿವಿಲ್ ಕೋರ್ಟ್ ಎಂಟು ಸಾವಿರಕ್ಕೂ ಜಾಸ್ತಿ ಲಿಂಕ್‌ಗಳ ಮೇಲೆ ತಡೆಯಾಜ್ಞೆ ಕೊಟ್ಟಿತು. ಆಗಸ್ಟ್ 1ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪ್ರಕರಣದ ಸತ್ಯಾಸತ್ಯ ನನ್ನ ಈ ಪತ್ರದ ವಿಷಯವಲ್ಲ. ಮಾತಾಡುವ ಹಕ್ಕು, ಮಾನಹಾನಿ ಎರಡರ ಬಗ್ಗೆಯೂ ಕೋರ್ಟುಗಳಲ್ಲಿ ವಾದ ಆಯಿತು, ಟಿವಿಯಲ್ಲಿ ಗಲಾಟೆ ಆಯಿತು. ಆ ವಾರಗಳಲ್ಲಿ ಪರ, ವಿರೋಧ ಎರಡೂ ಕಡೆಯ ವಿಡಿಯೊಗಳ ಮುಂದೆ ಜಾಹೀರಾತು ಓಡುತ್ತಲೇ ಇತ್ತು. ನಾನೇ ನೋಡಿದ್ದೇನೆ, ಪಂಚೆ, ಪೇಂಟು, ಸಿಮೆಂಟು. ಎರಡೂ ಕಡೆಯಿಂದ ಕಂಪನಿಗೆ ತನ್ನ ಪಾಲು ಬಂತು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಕರ್ನಾಟಕ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. ಅದರಲ್ಲಿ ಸುಳ್ಳು ಹರಡಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಇತ್ತು. ಹೆದರಿಕೆ ಹುಟ್ಟಿಸುವ ಕರಡು. ನನಗೆ ಅದು ಹಿಡಿಸಲಿಲ್ಲ. ಮಾತಾಡಿದವನನ್ನು ಜೈಲಿಗೆ ಹಾಕುವುದಕ್ಕಿಂತ ಮೊದಲು, ಆ ಮಾತಿನಿಂದ ದುಡ್ಡು ಮಾಡಿದ್ದು ಯಾರು ಅಂತ ಕೇಳುವುದು ಸುಲಭ, ಅಗ್ಗ, ಅಪಾಯವೂ ಕಡಿಮೆ.

ಇದುವರೆಗೆ ಹೇಳಿದ್ದು ಜಾಹೀರಾತು ಒಳ್ಳೆಯದಿದ್ದು ವಿಡಿಯೊ ಕೆಟ್ಟದ್ದಾದರೆ ಅಂತ. ಜಾಹೀರಾತೇ ಮೋಸದ್ದಾದರೆ? ತಾವು ಯಾವುದೋ ಟ್ರೇಡಿಂಗ್ ಆ್ಯಪ್ ಹೊಗಳಿದಂತೆ ಓಡಾಡುತ್ತಿರುವ ಡೀಪ್‌ಫೇಕ್ ವಿಡಿಯೊಗಳನ್ನು ನಂಬಬೇಡಿ ಅಂತ ನಾರಾಯಣ ಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಬೇಕಾಯಿತು. ಅಂಥವು ಇವತ್ತಿಗೂ ನಿಂತಿಲ್ಲ.

2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಒಂದು ವರದಿ ಮಾಡಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಒಳಗಿನ ಕಾಗದಗಳ ಪ್ರಕಾರ, 2024ರ ಆದಾಯದಲ್ಲಿ ಸುಮಾರು ಶೇ 10, ಅಂದರೆ 1,600 ಕೋಟಿ ಡಾಲರ್, ಮೋಸದ ಜಾಹೀರಾತು ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದು ಅಂತ ಕಂಪನಿಯೇ ಅಂದಾಜು ಮಾಡಿತ್ತು. ಮೋಸ ಅಂತ ಶೇ 95ರಷ್ಟು ಖಾತ್ರಿಯಾದರೆ ಮಾತ್ರ ಜಾಹೀರಾತುದಾರನನ್ನು ಹೊರಗೆ ಹಾಕುವುದು. ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ಅವನಿಗೆ ರೇಟು ಜಾಸ್ತಿ ಮಾಡುವುದು. ಆ ಅಂದಾಜು ಒರಟು ಲೆಕ್ಕ, ಅದರಲ್ಲಿ ಸರಿಯಾದ ಜಾಹೀರಾತುಗಳೂ ಸೇರಿಬಿಟ್ಟಿವೆ ಅಂತ ಮೆಟಾ ಹೇಳಿತು. ಇರಬಹುದು. ಹಾಗಾದರೆ ಸರಿಯಾದ ಲೆಕ್ಕ ಎಷ್ಟು? ಅದನ್ನು ಕೊಡಲು ಯಾರು ತಡೆದಿದ್ದಾರೆ?

ರೇಟು ಜಾಸ್ತಿ ಮಾಡುವ ಆ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಕಸುಬಿನಲ್ಲಿ ಒಬ್ಬ ಗಿರಾಕಿ ಮೋಸಗಾರ ಅಂತ ಅನುಮಾನ ಬಂದರೆ ಅವನ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಚೀಟಿ ವ್ಯವಹಾರದವರಿಗೆ, ಡಬಲ್ ಮಾಡಿಕೊಡುತ್ತೇವೆ ಅನ್ನುವವರಿಗೆ ಇಲ್ಲ ಅಂತ ವಾಪಸ್ ಕಳಿಸಿ ಕಮಿಷನ್ ಕಳೆದುಕೊಂಡವರು ನಮ್ಮೂರಲ್ಲಿ ಹಲವರಿದ್ದಾರೆ. ತೆಗೆದುಕೊಂಡು ಆಮೇಲೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರೂ ಇದ್ದಾರೆ.

ಪತ್ರಿಕೆಗಳು ಸಾಚಾ ಅಂತ ನಾನು ಹೇಳುತ್ತಿಲ್ಲ. ಕಾಸಿಗಾಗಿ ಸುದ್ದಿ ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಟಿವಿಯವರ ಟಿಆರ್‌ಪಿ ಹಗರಣ 2020ರಲ್ಲಿ ಬಯಲಾಯಿತು. ಆದರೂ ಅಲ್ಲಿ ಹಿಡಿಯಲು ಒಂದು ಜುಟ್ಟು ಇದೆ. ತಾಲ್ಲೂಕಿನ ಸಣ್ಣ ವಾರಪತ್ರಿಕೆಯೂ ವರ್ಷಕ್ಕೊಮ್ಮೆ, ಮಾರ್ಚ್ ಹೊತ್ತಿಗೆ, ಮಾಲೀಕರು ಯಾರು, ಮುದ್ರಕರು ಯಾರು, ಪ್ರಕಾಶಕರು ಯಾರು ಅಂತ 'ಫಾರಂ 4' ಅಚ್ಚು ಹಾಕುತ್ತಾ ಬಂದಿದೆ. ಪ್ರಸಾರ ಸಂಖ್ಯೆ ಪರೀಕ್ಷಿಸಲು ಎಬಿಸಿ ಸಂಸ್ಥೆ 1948ರಿಂದ ಇದೆ. ಸೋಷಿಯಲ್ ಮೀಡಿಯಾದಲ್ಲಿ ವ್ಯೂಸ್ ಎಣಿಸುವುದು, ಜಾಹೀರಾತು ಮಾರುವುದು, ದುಡ್ಡು ಹಂಚುವುದು, ಎಲ್ಲ ಒಬ್ಬರೇ. ಅವರ ಎಣಿಕೆಯನ್ನು ನೋಡಲು ಹೊರಗಿನ ಆಡಿಟರ್ ಬೇಕು. ಆ ಆಡಿಟರ್ ಸರ್ಕಾರದವರೂ ಆಗಬಾರದು.

ನೋಡುವವರ ವಿಷಯವನ್ನೂ ಹೇಳಿಬಿಡುತ್ತೇನೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿತು. ದುಡ್ಡು ಅಥವಾ ಸಾಮಾನು ತೆಗೆದುಕೊಂಡು ಹೊಗಳಿದರೆ ಅದು ಜಾಹೀರಾತು ಅಂತ ಎದ್ದು ಕಾಣುವಂತೆ ಹೇಳಬೇಕು. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಸರಿ. ಇಳಕಲ್ ಸೀರೆ ಉಟ್ಟು ರೀಲ್ ಮಾಡಿದ ಹೆಣ್ಣುಮಗಳು ಇದು ಜಾಹೀರಾತು ಅಂತ ಬರೆಯಬೇಕು. ಆದರೆ ಒಂದು ವಿಡಿಯೊದಿಂದ ಚಾನೆಲ್‌ಗೆ ದುಡ್ಡು ಹೋಗುತ್ತಿದೆಯೋ ಇಲ್ಲವೋ ಅಂತ ಕಂಪನಿ ನೋಡುಗನಿಗೆ ಹೇಳಬೇಕಿಲ್ಲ. ಜಾಹೀರಾತು ಬಂತು ಅಂದ ಮಾತ್ರಕ್ಕೆ ಚಾನೆಲ್‌ಗೆ ಪಾಲಿದೆ ಅಂತಲೂ ಅಲ್ಲ, ಮೇಲೆ ಹೇಳಿದೆನಲ್ಲ. 'ಈ ವಿಡಿಯೊದಿಂದ ಚಾನೆಲ್‌ಗೆ ಹಣ ಸಿಗುತ್ತದೆ' ಎಂಬ ಒಂದು ಸಣ್ಣ ಗುರುತು ಹಾಕಲಿ. ಹೆಸರು, ವಿಳಾಸ, ಸಂಪಾದನೆ ಯಾವುದೂ ಹೊರಗೆ ಬರಬಾರದು. ಹಾಗೆ ಬಂದರೆ ಮನೆಯಿಂದ ಚಾನೆಲ್ ನಡೆಸುವ ಹೆಣ್ಣುಮಕ್ಕಳಿಗೆ ತೊಂದರೆ ಆಗುತ್ತದೆ.

ಈಗ ಚಾನೆಲ್‌ನವರ ಕಷ್ಟ. ನಮ್ಮ ಆಫೀಸಿಗೆ ಎಡಿಟಿಂಗ್ ಮಾಡಿಕೊಡುವ ಹುಡುಗನೊಬ್ಬ ಜಾತ್ರೆ, ಬಯಲಾಟ, ದೊಡ್ಡಾಟ ಶೂಟ್ ಮಾಡಿ ಹಾಕುತ್ತಾನೆ. ಎಲ್ಲ ಅವನೇ ರಾತ್ರಿಯಿಡೀ ನಿಂತು ತೆಗೆದದ್ದು. ಒಂದು ದಿನ ಮಾನಿಟೈಸೇಷನ್ ಹೋಯಿತು. ಕಾರಣ 'ರೀಯೂಸ್ಡ್ ಕಂಟೆಂಟ್', ಅಂದರೆ ಬೇರೆಯವರದ್ದನ್ನು ಮತ್ತೆ ಬಳಸಿದ್ದು, ಅಂತ ಒಂದು ಮೇಲ್. ಯಾವ ವಿಡಿಯೊ, ಎಷ್ಟನೇ ನಿಮಿಷ, ಯಾರಿಂದ ಕದ್ದದ್ದು, ಒಂದೂ ಇಲ್ಲ. ಮೇಲ್ಮನವಿ ಹಾಕಿದ, ತಿರಸ್ಕಾರವಾಯಿತು. ಮನುಷ್ಯರು ನೋಡಿದರೋ ಯಂತ್ರ ನೋಡಿತೋ ಗೊತ್ತಿಲ್ಲ. ಇತ್ತ ಬೇರೆಯವರ ಟಿವಿ ತುಣುಕಿಗೆ ಕೆಂಪು ವೃತ್ತ ಹಾಕಿ, 'ಬೆಚ್ಚಿಬೀಳಿಸುವ ಸತ್ಯ' ಅಂತ ಥಂಬ್‌ನೇಲ್ ಹಚ್ಚುವವರ ಚಾನೆಲ್ ಆರಾಮಾಗಿ ನಡೆಯುತ್ತಿದೆ. ಇಂಥ ಥಂಬ್‌ನೇಲ್‌ಗಳ ಮೇಲೆ ಭಾರತದಲ್ಲಿ ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಘೋಷಿಸಿತ್ತು. ಕನ್ನಡದ ಹೋಂ ಪೇಜ್ ಒಮ್ಮೆ ತೆರೆದು ನೋಡಿ ಅಂತಷ್ಟೇ ಹೇಳುತ್ತೇನೆ.

ಹಾಗಾಗಿ ದುಡ್ಡು ನಿಲ್ಲಿಸುವಾಗ ಕಾರಣ ಬಿಡಿಸಿ ಹೇಳಬೇಕು, ಕೇಳಿದವರಿಗೆ ಕನ್ನಡದಲ್ಲಿ ಹೇಳಬೇಕು, ಮೇಲ್ಮನವಿಯನ್ನು ಭಾಷೆ ಬಲ್ಲ ಮನುಷ್ಯರು ನೋಡಬೇಕು. ನಿಯಮಾವಳಿಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಕೊಡಬೇಕು ಅಂತ 2022ರ ತಿದ್ದುಪಡಿಯಲ್ಲಿ ನೀವೇ ಹಾಕಿದ್ದೀರಿ. ನಿಯಮ ಕನ್ನಡದಲ್ಲಿದ್ದು ಶಿಕ್ಷೆ ಇಂಗ್ಲಿಷ್‌ನಲ್ಲಿ ಬಂದರೆ ಏನು ಪ್ರಯೋಜನ? ಅದೇ ತಿದ್ದುಪಡಿಯಿಂದ ಬಂದ ಮೇಲ್ಮನವಿ ಸಮಿತಿಗಳ ಮುಂದೆ ದುಡ್ಡು ನಿಂತವರ ದೂರೂ ಬರಬಹುದು ಅಂತ ಒಂದು ಸಾಲು ಸ್ಪಷ್ಟವಾಗಿ ಸೇರಿಸಿ.

ದೂರು ಬಂದ ವಿಡಿಯೊದ ದುಡ್ಡನ್ನು ತಡೆದಿಡುವುದು ಆಗದ ಮಾತು ಅಂತ ಕಂಪನಿಯವರು ನಿಮ್ಮ ಮುಂದೆ ಹೇಳಬಹುದು. ಅವರು ಅದನ್ನು ದಿನಾ ಮಾಡುತ್ತಿದ್ದಾರೆ. ಒಂದು ಭಜನೆಯ ವಿಡಿಯೊದಲ್ಲಿ ಆಡಿಯೊ ಕಂಪನಿಯ ಟ್ಯೂನ್ ಇದೆ ಅಂತ ಕಂಟೆಂಟ್ ಐಡಿ (ಬೇರೆಯವರ ಹಾಡು, ದೃಶ್ಯ ಗುರುತಿಸುವ ವ್ಯವಸ್ಥೆ) ಕ್ಲೇಮ್ ಬಂದು, ಚಾನೆಲ್‌ನವರು ಬೇಗ ತಕರಾರು ಹಾಕಿದರೆ, ತೀರ್ಮಾನ ಆಗುವವರೆಗೆ ಯೂಟ್ಯೂಬ್ ಆ ವಿಡಿಯೊದ ದುಡ್ಡನ್ನು ಬೇರೆ ಇಡುತ್ತದೆ. ಆಮೇಲೆ ಗೆದ್ದವರಿಗೆ ಕೊಡುತ್ತದೆ. ಹಾಡಿನ ಮಾಲೀಕರಿಗೆ ಸಿಗುವ ಈ ಸೌಲಭ್ಯ, ಸುಳ್ಳು ವಿಡಿಯೊದಿಂದ ಮಾನ ಕಳೆದುಕೊಂಡ ಮನುಷ್ಯನಿಗೆ ಯಾಕಿಲ್ಲ? ವಿಡಿಯೊ ತೆಗೆಯುವುದು ಬೇಡ, ಅದು ಓಡಲಿ. ದುಡ್ಡು ಮಾತ್ರ ಕಾಯಲಿ. ದೂರು ಸುಳ್ಳಾದರೆ ಚಾನೆಲ್‌ಗೆ ಪೂರ್ತಿ ಹೋಗಲಿ. ದೂರು ನಿಜವಾದರೆ ಜಾಹೀರಾತುದಾರರಿಗೆ ವಾಪಸ್ ಬರಲಿ, ಕಂಪನಿಯ ಪಾಲೂ ಸೇರಿ. ಕಂಪನಿಯ ಪಾಲೂ ಸೇರಿ ಅನ್ನುವುದೇ ಇಲ್ಲಿ ಮುಖ್ಯ. ಈಗಿನ ವ್ಯವಸ್ಥೆಯಲ್ಲಿ ಎಚ್ಚರ ತಪ್ಪಿದರೆ ಅವರಿಗೆ ನಷ್ಟವೇ ಕಾಣುವುದಿಲ್ಲ.

ಇದರಲ್ಲಿ ಒಂದು ಅಪಾಯ ಇದೆ, ನನಗೆ ಗೊತ್ತು. ರಾಜಕೀಯ ಪಕ್ಷಗಳ ಐಟಿ ಸೆಲ್‌ಗಳು ತಮಗಾಗದ ಚಾನೆಲ್ ಮೇಲೆ ಸಾವಿರ ದೂರು ಹಾಕಿಸಿ ದುಡ್ಡು ನಿಲ್ಲಿಸಬಹುದು. ಅದಕ್ಕೆ ದೂರುಗಳ ಸಂಖ್ಯೆಗೆ ಬೆಲೆ ಇರಬಾರದು. ವಿಡಿಯೊದಲ್ಲಿ ಹೆಸರು ಬಂದವರು, ನಷ್ಟ ಆದವರು ತಮ್ಮ ಗುರುತು ಕೊಟ್ಟು ಹಾಕಿದ ದೂರು ಮಾತ್ರ ಲೆಕ್ಕಕ್ಕೆ ಬರಬೇಕು. ಯಾವುದು ಸತ್ಯ ಅಂತ ಸರ್ಕಾರ ಹೇಳುವ ವ್ಯವಸ್ಥೆಯಂತೂ ಬೇಡವೇ ಬೇಡ. ನಿಮ್ಮ ಫ್ಯಾಕ್ಟ್ ಚೆಕ್ ಘಟಕದ ನಿಯಮವನ್ನು 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಹೊಡೆದುಹಾಕಿದೆ. ಅದನ್ನು ದುಡ್ಡಿನ ಹಿಂಬಾಗಿಲಿನಿಂದ ಮತ್ತೆ ತರಬೇಡಿ. ಸಚಿವರಾಗಿ ನಿಮ್ಮ ಕೈಗೆ ಯಾರ ದುಡ್ಡು ನಿಲ್ಲಿಸುವ ಗುಂಡಿಯೂ ಬರಬಾರದು. ನಾಳೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಯುರೋಪಿನ ಕಾನೂನನ್ನು ಹಾಗೇ ತನ್ನಿ ಅಂತಲೂ ನಾನು ಹೇಳುವುದಿಲ್ಲ. ಅಲ್ಲಿನ ಡಿಜಿಟಲ್ ಸರ್ವೀಸಸ್ ಆ್ಯಕ್ಟ್ ದೊಡ್ಡ ಕಂಪನಿಗಳು ಎಲ್ಲ ಜಾಹೀರಾತುಗಳ ಸಾರ್ವಜನಿಕ ದಾಖಲೆ ಇಡಬೇಕು ಅನ್ನುತ್ತದೆ. ಆ ದಾಖಲೆಯಲ್ಲಿನ ಕೊರತೆಯೂ ಸೇರಿ ಕೆಲವು ತಪ್ಪುಗಳಿಗೆ 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ ಯೂರೊ ದಂಡ ಬಿತ್ತು. ಆದರೆ ಆ ದಾಖಲೆ ಜಾಹೀರಾತು ಯಾರದ್ದು ಅಂತ ಹೇಳುತ್ತದೆಯೇ ಹೊರತು, ದುಡ್ಡು ಯಾವ ಚಾನೆಲ್‌ಗೆ ಹೋಯಿತು ಅಂತ ಹೇಳುವುದಿಲ್ಲ. ಅವರು ಬಿಟ್ಟದ್ದನ್ನು ನಾವು ಮೊದಲು ಮಾಡಬಹುದು.

ಮಾಡಲು ನಿಮಗೆ ಒಂದು ಸುಲಭ ದಾರಿಯೂ ಇದೆ. ನೀವು ಬರೀ ಸಚಿವರಲ್ಲ, ದೊಡ್ಡ ಜಾಹೀರಾತುದಾರರು. ನಿಮ್ಮ ಸೆಂಟ್ರಲ್ ಬ್ಯೂರೊ ಆಫ್ ಕಮ್ಯುನಿಕೇಷನ್ 2023ರ ಡಿಜಿಟಲ್ ಜಾಹೀರಾತು ನೀತಿಯ ಕೆಳಗೆ ಸೋಷಿಯಲ್ ಮೀಡಿಯಾದಲ್ಲೂ ಜಾಹೀರಾತು ಕೊಡುತ್ತದೆ. ಕರ್ನಾಟಕದ ವಾರ್ತಾ ಇಲಾಖೆಗೂ 2024ರಿಂದ ಡಿಜಿಟಲ್ ಜಾಹೀರಾತಿನ ಮಾರ್ಗಸೂಚಿ ಇದೆ. ನನ್ನ ಡಾಕ್ಟರ್ ಗಿರಾಕಿ ವೋಚರ್ ಕಾಪಿ ಕೇಳಿದರೆ ಕಂಪನಿಯವರು ನಗುತ್ತಾರೆ. ಭಾರತ ಸರ್ಕಾರ ಕೇಳಿದರೆ ನಗುವುದಿಲ್ಲ. ನಮ್ಮ ಜಾಹೀರಾತು ಬಂದ ವಿಡಿಯೊಗಳ ಪೂರ್ತಿ ಪಟ್ಟಿ ಕೊಟ್ಟರೆ ಮಾತ್ರ ಬಿಲ್ಲು ಪಾಸು ಅಂತ ಟೆಂಡರಿನಲ್ಲಿ ಒಂದು ಷರತ್ತು ಹಾಕಿ. ಶಾರ್ಟ್ಸ್‌ನಂಥ ಕಡೆ ಜಾಹೀರಾತು ಎರಡು ವಿಡಿಯೊಗಳ ನಡುವೆ ಬರುವುದರಿಂದ ಪಟ್ಟಿ ಮಾಡುವುದು ಕಷ್ಟ, ನಿಜ. ಹಿಂದಿನದ್ದು ಮುಂದಿನದ್ದು ಎರಡನ್ನೂ ಬರೆಯಲಿ. ಯಾವ ಊರಿನ ಯಾವ ವಯಸ್ಸಿನವರು ಎಷ್ಟು ಸೆಕೆಂಡ್ ನೋಡಿದರು ಅಂತ ಎಣಿಸುವವರಿಗೆ ಇದು ಹೆಚ್ಚಿನ ಕೆಲಸವೇನಲ್ಲ. ಸರ್ಕಾರಕ್ಕೆ ಕೊಟ್ಟ ಮೇಲೆ ಅದೇ ಪಟ್ಟಿಯನ್ನು ಐದು ಸಾವಿರ ರೂಪಾಯಿಯ ಜಾಹೀರಾತು ಕೊಡುವ ಬೇಕರಿಗೂ ಕೊಡಬೇಕು ಅಂತ ನಿಯಮ ತನ್ನಿ.

ಕರಡು ತಯಾರಾದರೆ ಕನ್ನಡದಲ್ಲೂ ಪ್ರಕಟಿಸಿ. ಅಭಿಪ್ರಾಯ ಕಳಿಸಲು ಕನಿಷ್ಠ ಎರಡು ತಿಂಗಳು ಕೊಡಿ. ದಸರಾ ದೀಪಾವಳಿ ಸಮಯದಲ್ಲಿ ಮಾತ್ರ ಬೇಡ. ಆಗ ನಮ್ಮ ಕಸುಬಿನವರಿಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಜಾಹೀರಾತು ಏಜೆಂಟ್,
ದಾವಣಗೆರೆ